ಎರಡು ಕಣ್ಣು ಒಪ್ಪುವ ಹೆಸರು



ಒಮ್ಮೆಯೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳದವರು ಈ ಸಭೆಯಲ್ಲಿ ಇರಲಾರರು. ರಿಪೋರ್ಟಿನ ನಡುವೆ ಎಲ್ಲೋ ಐದು ಸಾಲುಗಳಿರುತ್ತವೆ. ನ್ಯೂಟ್ರೋಫಿಲ್ 62, ಲಿಂಫೋಸೈಟ್ 30, ಮಾನೋಸೈಟ್ 5, ಇಯೋಸಿನೋಫಿಲ್ 3, ಬೇಸೋಫಿಲ್ 0. ಕೂಡಿದರೆ ನೂರು. ಹಿಮೋಗ್ಲೋಬಿನ್ ಎಷ್ಟು, ಪ್ಲೇಟ್‌ಲೆಟ್ ಎಷ್ಟು ಎಂದು ನೋಡಿದವರು ಈ ಐದು ಸಾಲನ್ನು ಹಾರಿಸಿ ಕಾಗದ ಮಡಚಿಡುತ್ತಾರೆ. ನಾನು ಇವತ್ತು ಮಾತಾಡಲು ಬಂದಿರುವುದು ಹಾರಿಸಿಬಿಟ್ಟ ಆ ಸಾಲುಗಳ ಬಗ್ಗೆ.

ಹಿಮೋಗ್ಲೋಬಿನ್ ಅಳೆಯುವ ವಸ್ತು. ಅದಕ್ಕೆ ಜಗತ್ತೆಲ್ಲ ಒಪ್ಪಿದ ಒಂದು ಆಧಾರ ದ್ರಾವಣವಿದೆ. ಬೆಂಗಳೂರಿನ ಯಂತ್ರವನ್ನೂ ಬರ್ಲಿನ್ನಿನ ಯಂತ್ರವನ್ನೂ ಅದರ ಮುಂದೆ ನಿಲ್ಲಿಸಿ ಸರಿನೋಡಬಹುದು. ಬಿಳಿ ಕಣಗಳ ಈ ಲೆಕ್ಕ ಆ ಜಾತಿಯದಲ್ಲ. ಇಲ್ಲಿ ಯಾರೋ ಒಬ್ಬರು ಒಂದೊಂದು ಕಣವನ್ನೂ ಕಂಡು, ಇದು ಇಂಥದ್ದು ಎಂದು ತೀರ್ಪು ಕೊಟ್ಟು, ಆಮೇಲೆ ಆ ತೀರ್ಪುಗಳನ್ನು ಎಣಿಸಿರುತ್ತಾರೆ. ಈಚೆಗೆ ತೀರ್ಪು ಕೊಡುವ ಕೆಲಸ ಎಷ್ಟೋ ಸಲ ಯಂತ್ರದ್ದು. ಆದರೆ ಯಂತ್ರಕ್ಕೆ ಅನುಮಾನ ಬಂದಾಗ ಅದು ಒಂದು ಎಚ್ಚರಿಕೆಯ ಗುರುತು ಹಾಕಿ, ಸ್ಲೈಡ್ ನೋಡಿ ಎಂದು ನಮ್ಮ ಕಡೆಗೇ ತಳ್ಳುತ್ತದೆ. ಕಷ್ಟದ ಕಣ ಕೊನೆಗೂ ಮನುಷ್ಯರ ಕಣ್ಣಿಗೇ ಬರುತ್ತದೆ. ಒಬ್ಬರ ಕಣ್ಣಿಗೆ ಕಂಡದ್ದು ಇನ್ನೊಬ್ಬರ ಕಣ್ಣಿಗೂ ಹಾಗೇ ಕಾಣಬೇಕಲ್ಲ? ಅದಕ್ಕಾಗಿ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದಿರುವ ಜಗಳ, ರಾಜಿ, ಸಮಿತಿ, ಸೋಲುಗಳ ಕಥೆ ಸ್ವಾರಸ್ಯವಾಗಿದೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ನಾವು ಗಳಿಸಿದ್ದರಲ್ಲಿ ಹೆಚ್ಚಿನ ಪಾಲು ಹಳೆಯ ಭೇದಗಳನ್ನು ಕೈಬಿಟ್ಟದ್ದರಿಂದ ಬಂದದ್ದು. ಇಬ್ಬರು ಅನುಭವಿಗಳು ಪದೇ ಪದೇ ನೋಡಿಯೂ ಒಪ್ಪಲಾಗದ ಭೇದ ರಿಪೋರ್ಟಿನಲ್ಲಿ ಇರಬಾರದು. ರೋಗಿಯ ಪ್ರಾಣ ಯಾವ ಭೇದದ ಮೇಲೆ ನಿಂತಿದೆಯೋ ಅದನ್ನು ಮಾತ್ರ ಎಷ್ಟೇ ಕಷ್ಟವಾದರೂ ಬಿಗಿಗೊಳಿಸಬೇಕು.

ಹೆಸರುಗಳು ಹುಟ್ಟಿದ ಕಡೆಯಿಂದ ಶುರುಮಾಡೋಣ. 1846ರಲ್ಲಿ ಥಾಮಸ್ ವಾರ್ಟನ್ ಜೋನ್ಸ್ ಬಿಳಿ ಕಣಗಳಲ್ಲಿ ಕೆಲವಕ್ಕೆ ಒಳಗೆ ಹರಳುಗಳಿವೆ, ಕೆಲವಕ್ಕೆ ಇಲ್ಲ ಎಂದು ಬರೆದರು. ಬಣ್ಣ ಹಾಕದ ರಕ್ತದಲ್ಲಿ ಅದಕ್ಕಿಂತ ಹೆಚ್ಚು ಕಾಣುವುದೂ ಕಷ್ಟ. ಅಷ್ಟರಲ್ಲಿ ಜರ್ಮನಿಯಲ್ಲಿ ಜವಳಿಗೆ ಹಾಕುವ ಅನಿಲಿನ್ ಬಣ್ಣಗಳ ದೊಡ್ಡ ಉದ್ಯಮ ಬೆಳೆಯಿತು. ಪಾಲ್ ಎರ್ಲಿಕ್ ಎಂಬ ವೈದ್ಯ ವಿದ್ಯಾರ್ಥಿಗೆ ಆ ಬಣ್ಣಗಳ ಹುಚ್ಚು ಹಿಡಿಯಿತು. 1878ರಲ್ಲಿ ಲೈಪ್‌ಜಿಗ್‌ನಲ್ಲಿ ಸಲ್ಲಿಸಿದ ಪ್ರಬಂಧವೂ ಅದರ ಮೇಲೆಯೇ. ಗಾಜಿನ ಮೇಲೆ ರಕ್ತದ ತೆಳು ಪದರ ಒಣಗಿಸಿ, ಬಿಸಿ ಮಾಡಿ, ಬಣ್ಣ ಸುರಿದರು. ಹರಳುಗಳಲ್ಲಿ ಕೆಲವು ಇಯೋಸಿನ್ ಎಂಬ ಆಮ್ಲೀಯ ಬಣ್ಣವನ್ನು ಹೀರಿ ಕಿತ್ತಳೆಗೆಂಪಾದವು. ಅವಕ್ಕೆ ಇಯೋಸಿನೋಫಿಲ್ ಎಂದರು. ಪ್ರತ್ಯಾಮ್ಲೀಯ ಬಣ್ಣ ಹೀರಿದವು ಬೇಸೋಫಿಲ್ ಆದವು. ಎರಡೂ ಬೆರೆತ ಬಣ್ಣಕ್ಕೆ ಒಲಿದವು ನ್ಯೂಟ್ರೋಫಿಲ್.

ಇಯೋಸಿನೋಫಿಲ್ ದೇಹದಲ್ಲಿ ಏನು ಮಾಡುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ, ಎರ್ಲಿಕ್ ಅದನ್ನು ಹೆಸರಿನಲ್ಲಿ ಹೇಳಲು ಹೋಗಲೂ ಇಲ್ಲ. ಯಾವ ಬಣ್ಣ ಹಾಕಿದರೆ ಏನಾಗುತ್ತದೆ ಎಂಬುದಷ್ಟೇ ಹೆಸರಿನಲ್ಲಿದೆ. ಆ ಹೆಸರುಗಳು ಇವತ್ತಿಗೂ ಅಲುಗಾಡದೆ ನಿಂತಿರುವುದಕ್ಕೆ ಅದೇ ಕಾರಣ ಎಂದು ನನಗೆ ಅನ್ನಿಸುತ್ತದೆ. ಕಣದ ಹುಟ್ಟು, ವಂಶ, ಕೆಲಸಗಳ ಬಗ್ಗೆ ಸಿದ್ಧಾಂತ ಕಟ್ಟಿ ಹೆಸರಿಟ್ಟವರ ಹೆಸರುಗಳಲ್ಲಿ ಹಲವು ಸಿದ್ಧಾಂತದ ಜೊತೆಗೇ ಬಿದ್ದುಹೋದವು.

ಆದರೆ ಬಣ್ಣ ಹಾಕಿದರೆ ಎಂಬ ಮಾತಿನಲ್ಲೇ ಒಂದು ತೊಡಕಿದೆ: ಯಾವ ಬಣ್ಣ, ಯಾರ ಕೈಯಲ್ಲಿ? 1891ರಲ್ಲಿ ರಷ್ಯಾದ ದಿಮಿತ್ರಿ ರೊಮನೋವ್‌ಸ್ಕಿ ಮಲೇರಿಯಾ ಪರಾವಲಂಬಿಯನ್ನು ಹುಡುಕುತ್ತ ಇಯೋಸಿನ್ ಮತ್ತು ಮಿಥಿಲೀನ್ ಬ್ಲೂ ಬೆರೆಸಿ ಹಾಕಿದಾಗ ಅದರ ಕೋಶಕೇಂದ್ರ ನೇರಳೆಗೆ ತಿರುಗಿತು. ಬೆರೆಸಿದ ಎರಡು ಬಣ್ಣಗಳಲ್ಲಿ ನೇರಳೆ ಎಲ್ಲಿತ್ತು? ಮಿಥಿಲೀನ್ ಬ್ಲೂ ಹಳೆಯದಾಗುತ್ತ ಉತ್ಕರ್ಷಣೆಗೊಂಡಾಗ ಅದರಲ್ಲಿ ಅಝೂರ್ ಬಿ ಎಂಬ ಬೇರೆ ಬಣ್ಣ ಹುಟ್ಟುತ್ತದೆ; ನೇರಳೆಯ ಮೂಲ ಅದು. ಹಳೆಯದಾಗುವುದು ಒಂದೊಂದು ಸೀಸೆಯಲ್ಲಿ ಒಂದೊಂದು ರೀತಿ ಎಂದ ಮೇಲೆ ಒಬ್ಬರ ನೇರಳೆ ಇನ್ನೊಬ್ಬರ ನೀಲಿಯಾಗುತ್ತದೆ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಲೀಶ್‌ಮನ್, ರೈಟ್, ಗೀಮ್ಸಾ, ಮೇ ಮತ್ತು ಗ್ರುನ್‌ವಾಲ್ಡ್ ಹೀಗೆ ಒಬ್ಬೊಬ್ಬರು ಒಂದೊಂದು ಪಾಕ ಬರೆದರು. ಅಮೆರಿಕ ರೈಟ್ ಹಿಡಿಯಿತು, ಯುರೋಪ್ ಮೇ-ಗ್ರುನ್‌ವಾಲ್ಡ್-ಗೀಮ್ಸಾ ಹಿಡಿಯಿತು, ನಮಗೆ ಲೀಶ್‌ಮನ್ ಬಂತು. ಭಾರತದಲ್ಲಿ ಸೇನಾ ವೈದ್ಯರಾಗಿದ್ದು ಹೋದ ವಿಲಿಯಂ ಲೀಶ್‌ಮನ್ 1901ರಲ್ಲಿ ಪ್ರಕಟಿಸಿದ ಪಾಕ ಅದು. ಕಾಲಾ ಅಜಾರ್ ರೋಗಾಣುವಿಗೆ, ಅದನ್ನು ಮದ್ರಾಸಿನಲ್ಲಿ ಕಂಡ ಡೊನೊವನ್ ಹೆಸರಿನ ಜೊತೆ, ಅಂಟಿಕೊಂಡಿರುವುದೂ ಇದೇ ಲೀಶ್‌ಮನ್ ಹೆಸರು. ಶುದ್ಧ ಅಝೂರ್ ಬಿ ಮತ್ತು ಇಯೋಸಿನ್ ವೈ ಎರಡನ್ನೇ ಬಳಸುವ ಒಂದು ಆಧಾರ ವಿಧಾನವನ್ನು ರಕ್ತಶಾಸ್ತ್ರದ ಅಂತರರಾಷ್ಟ್ರೀಯ ಮಾನಕೀಕರಣ ಮಂಡಳಿ, ಐಸಿಎಸ್‌ಎಚ್, ಹೊರತಂದದ್ದು 1984ರಲ್ಲಿ.

ಮಂಡಳಿ ಏನೇ ಹೇಳಲಿ, ಮಳೆಗಾಲಕ್ಕೆ ಅದು ಕೇಳಿಸುವುದಿಲ್ಲ. ಕರಾವಳಿಯಲ್ಲಿ ಆಷಾಢದಲ್ಲಿ ಸ್ಮಿಯರ್ ಎಳೆದವರಿಗೆ ಇದು ಗೊತ್ತು. ಸ್ಲೈಡ್ ಬೇಗ ಆರುವುದಿಲ್ಲ. ಸ್ಟೇನಿನಲ್ಲಿರುವ ಮೆಥನಾಲ್ ಗಾಳಿಯ ತೇವ ಹೀರಿಕೊಂಡು ಕಾದಿರುತ್ತದೆ. ಲೆನ್ಸ್ ಕೆಳಗೆ ಹಿಡಿದರೆ ಕೆಂಪು ಕಣಗಳ ಮೈಮೇಲೆ ಮಿರುಗುವ ಗುಳ್ಳೆಗಳಂಥ ಕಲೆ. ಫೋಕಸ್ ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಕಲೆ ಹೊಳೆದು ಆರುತ್ತದೆ. ಹಳಬರು ಕೂಡಲೇ ನೀರಿನ ಕಲೆ ಎಂದು ಸ್ಲೈಡ್ ಪಕ್ಕಕ್ಕಿಟ್ಟು ಹೊಸ ಮೆಥನಾಲ್ ತೆಗೆಯುತ್ತಾರೆ. ಹೊಸಬರು ಅದಕ್ಕೊಂದು ರೋಗದ ಹೆಸರು ಹುಡುಕುತ್ತಾರೆ. ಬಫರ್ ನೀರಿನ ಪಿಎಚ್ 6.8 ಇರಬೇಕು, ಅದಕ್ಕಿಂತ ಇಳಿದರೆ ಎಲ್ಲವೂ ಕೆಂಪಗೆ, ಏರಿದರೆ ಎಲ್ಲವೂ ನೀಲಿ. ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿನಲ್ಲಿ ರಕ್ತ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತರೆ ಕೆಂಪು ಕಣಗಳ ಅಂಚಿಗೆ ಮುಳ್ಳೇಳುತ್ತದೆ, ನ್ಯೂಟ್ರೋಫಿಲ್ಲಿನಲ್ಲಿ ಗುಳ್ಳೆ ಮೂಡುತ್ತದೆ. ತಾಲ್ಲೂಕಿನಿಂದ ಬಸ್ಸಿನಲ್ಲಿ ಬಂದ ಟ್ಯೂಬ್ ನೋಡಿ ಕಿಡ್ನಿ ಕೆಟ್ಟಿದೆಯೇ ಎಂದು ಗಾಬರಿಯಾಗುವುದು ಹೀಗೆ. ರಕ್ತ ತೆಗೆದ ಹೊತ್ತು ಟ್ಯೂಬಿನ ಮೇಲೆ ಇಲ್ಲದಿದ್ದರೆ ಮುಳ್ಳಿನ ಕಣಕ್ಕೆ ಹೆಸರು ಬರೆಯುವ ಹಕ್ಕು ನಮಗಿಲ್ಲ.

ಈಗ ಎಲ್ಲಕ್ಕಿಂತ ಹೆಚ್ಚು ಶಾಯಿ ಕುಡಿದ ಜಗಳಕ್ಕೆ ಬರುತ್ತೇನೆ. ಅದು ಬ್ಯಾಂಡ್ ಸೆಲ್ ಜಗಳ.

ನ್ಯೂಟ್ರೋಫಿಲ್ ಮೂಳೆಯ ಮಜ್ಜೆಯಲ್ಲಿ ಬಲಿಯುತ್ತದೆ. ಅದರ ಕೋಶಕೇಂದ್ರ ಮೊದಲು ಉರುಟು, ಆಮೇಲೆ ಒಂದು ಪಕ್ಕ ಒಳಕ್ಕೆ ಬಾಗುತ್ತದೆ, ಆಮೇಲೆ ಬಾಗಿದ ಪಟ್ಟಿಯಂತಾಗುತ್ತದೆ, ಕೊನೆಗೆ ಅಲ್ಲಲ್ಲಿ ಸೊರಗಿ, ತೆಳು ಎಳೆಗಳಿಂದ ಪೋಣಿಸಿದ ಮೂರು ನಾಲ್ಕು ಹಾಲೆಗಳಾಗುತ್ತದೆ. ಪಟ್ಟಿಯ ಹಂತದ್ದು ಬ್ಯಾಂಡ್, ಹಾಲೆಗಳಾದದ್ದು ಸೆಗ್ಮೆಂಟೆಡ್. ಸೋಂಕು ಜೋರಾದಾಗ ಮಜ್ಜೆ ಬಲಿಯದ ಕಣಗಳನ್ನೂ ರಕ್ತಕ್ಕೆ ಬಿಡುತ್ತದೆ. 1904ರಲ್ಲಿ ಜೋಸೆಫ್ ಆರ್ನೆತ್ ಹಾಲೆಗಳ ಲೆಕ್ಕದ ಮೇಲೆ ನ್ಯೂಟ್ರೋಫಿಲ್ಲುಗಳನ್ನು ಐದು ದರ್ಜೆಯಾಗಿ ವಿಂಗಡಿಸಿ, ಎಳೆಯವನ್ನು ಎಡಗಡೆಯ ಖಾನೆಗೆ ಹಾಕಿದರು. ಇಂದಿಗೂ ವೈದ್ಯರು ಶಿಫ್ಟ್ ಟು ಲೆಫ್ಟ್ ಇದೆ ಎನ್ನುವುದು ಆ ಕಾಗದದ ಎಡಬದಿಯ ನೆನಪು. ಆರ್ನೆತ್‌ರ ಒಳದರ್ಜೆಗಳು ಎಷ್ಟು ಬಿಡಿಬಿಡಿಯಾಗಿದ್ದವೆಂದರೆ ಯಾರೂ ದಿನನಿತ್ಯ ಬಳಸಲಾಗಲಿಲ್ಲ. 1911ರ ಹೊತ್ತಿಗೆ ವಿಕ್ಟರ್ ಶಿಲ್ಲಿಂಗ್ ಅದನ್ನು ನಾಲ್ಕು ಹಂತಕ್ಕೆ ಇಳಿಸಿದರು. ಕೈಬಿಡುವ ಕೆಲಸ ಆಗಲೇ ಶುರುವಾಗಿತ್ತು ಅನ್ನಿ.

ಮಾವಿನಕಾಯಿ ಯಾವ ದಿನ ಹಣ್ಣಾಯಿತು ಎಂದು ಕೇಳಿದರೆ ಹೇಳುವುದು ಹೇಗೆ? ನಡುವೆ ದೋರೆಗಾಯಿ ಎಂಬುದೊಂದಿದೆ. ಬ್ಯಾಂಡ್ ಮತ್ತು ಸೆಗ್ಮೆಂಟೆಡ್ ನಡುವೆಯೂ ಗೆರೆ ಇಲ್ಲ, ಎಳೆದುಕೊಂಡವರು ನಾವು. ಒಂದು ನಿಯಮದ ಪ್ರಕಾರ ಎರಡು ಹಾಲೆಗಳ ನಡುವೆ ನೂಲಿನಂಥ ಎಳೆ ಕಣ್ಣಿಗೆ ಸ್ಪಷ್ಟವಾಗಿ ಕಂಡರೆ ಮಾತ್ರ ಸೆಗ್ಮೆಂಟೆಡ್; ಕಾಣದಿದ್ದರೆ, ಎಷ್ಟೇ ಸೊರಗಿದ್ದರೂ, ಬ್ಯಾಂಡ್. ಇನ್ನೊಂದು ನಿಯಮದಲ್ಲಿ ಅತಿ ಕಿರಿದಾದ ಜಾಗದ ಅಗಲ ಅತಿ ಅಗಲವಾದ ಜಾಗದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಸಾಕು, ಸೆಗ್ಮೆಂಟೆಡ್. ಅದೇ ಸ್ಲೈಡನ್ನು ಈ ಎರಡು ನಿಯಮಗಳಿಂದ ಎಣಿಸಿದರೆ ಮೊದಲನೆಯದರಲ್ಲಿ ಬ್ಯಾಂಡ್ ಸಂಖ್ಯೆ ಏರಿ ಕೂರುತ್ತದೆ. ಇದರ ಮೇಲೆ ಕೋಶಕೇಂದ್ರ ಮಡಿಚಿಕೊಂಡು ಕೂತಿದ್ದರೆ ಎಳೆ ಮಡಿಕೆಯ ಹಿಂದೆ ಇದೆಯೋ ಇಲ್ಲವೋ ದೇವರೇ ಬಲ್ಲ.

ನಾನು ಕೆಲಸ ಮಾಡುತ್ತಿದ್ದ ಕಡೆ ಇಬ್ಬರು ಒಟ್ಟಿಗೆ ನೋಡುವ ಎರಡು ತಲೆಯ ಮೈಕ್ರೋಸ್ಕೋಪ್ ಇತ್ತು. ಸಂಜೆ ಹೊತ್ತು ಟೆಕ್ನಿಷಿಯನ್ ಹುಡುಗಿ ಎಣಿಸುವ ಡಬ್ಬಿಯ ಕೀ ಒತ್ತುತ್ತ ಒತ್ತುತ್ತ ಕೈ ನಿಲ್ಲಿಸುತ್ತಿದ್ದಳು.

"ಮೇಡಂ, ಇದನ್ನ ಯಾವ ಖಾನೆಗೆ ಹಾಕ್ಲಿ?"

"ನಿನಗೇನು ಕಾಣುತ್ತಮ್ಮ?"

"ಈ ಕಡೆಯಿಂದ ನೋಡಿದ್ರೆ ಬ್ಯಾಂಡು, ಆ ಕಡೆಯಿಂದ ಸೆಗ್ಮೆಂಟು."

"ಅನುಮಾನ ಇದ್ರೆ ಸೆಗ್ಮೆಂಟೆಡ್‌ಗೇ ಹಾಕು."

ನಮ್ಮಲ್ಲಿ ಅನುಮಾನವಿದ್ದರೆ ಹೆಚ್ಚು ಬಲಿತ ಕಡೆಗೆ ಹಾಕುವ ರೂಢಿ. ರಸ್ತೆಯ ಆಚೆಯ ಲ್ಯಾಬಿನಲ್ಲಿ ಅನುಮಾನವಿದ್ದರೆ ಬ್ಯಾಂಡ್. ಇದು ಬರೀ ಪಂಡಿತರ ಚರ್ಚೆಯಾಗಿದ್ದರೆ ನಾನು ಇಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ. ನವಜಾತ ಶಿಶುವಿಗೆ ಸೋಂಕಿನ ಶಂಕೆ ಬಂದಾಗ ಮಕ್ಕಳ ವೈದ್ಯರು ಬಲಿಯದ ನ್ಯೂಟ್ರೋಫಿಲ್‌ಗಳನ್ನು ಒಟ್ಟು ನ್ಯೂಟ್ರೋಫಿಲ್‌ಗಳಿಂದ ಭಾಗಿಸಿ ನೋಡುತ್ತಾರೆ, ಭಾಗಲಬ್ಧ 0.2 ದಾಟಿದರೆ ಕಿವಿ ನಿಮಿರುತ್ತದೆ. ಒಂದು ಲ್ಯಾಬಿನ ನಿಯಮದಲ್ಲಿ ದಾಟುವ ಮಗು ಇನ್ನೊಂದರಲ್ಲಿ ದಾಟುವುದಿಲ್ಲ. ಸೂಜಿ ಚುಚ್ಚಿಸಿಕೊಳ್ಳುವುದು ಮಗು.

ಕಣ್ಣು ಒಪ್ಪಿದರೂ ಲೆಕ್ಕ ಒಪ್ಪಬೇಕಲ್ಲ. ನಾವು ಎಣಿಸುವುದು ಸಾಮಾನ್ಯವಾಗಿ ನೂರು ಕಣ. ನೂರರಲ್ಲಿ 10 ಬ್ಯಾಂಡ್ ಸಿಕ್ಕಿದರೆ, ನೋಡುವವರಲ್ಲಿ ಯಾವ ತಪ್ಪೂ ಇಲ್ಲದಿದ್ದರೂ, ಕೇವಲ ಆಕಸ್ಮಿಕದ ಆಟದಿಂದಲೇ ನಿಜವಾದ ಪ್ರಮಾಣ ಶೇಕಡಾ 5ರಿಂದ 18ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಡಚ್ ವಿಜ್ಞಾನಿ ರುಮ್ಕೆ ಇದಕ್ಕೆ ಕೋಷ್ಟಕಗಳನ್ನೇ ಮಾಡಿಕೊಟ್ಟರು. ನಿನ್ನೆ 6 ಇದ್ದ ಬ್ಯಾಂಡ್ ಇವತ್ತು 11 ಆಯಿತು, ಸೋಂಕು ಏರುತ್ತಿದೆ ಎಂದು ಔಷಧ ಬದಲಿಸುವವರು ಆ ಕೋಷ್ಟಕವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಯಂತ್ರಗಳನ್ನು ಪರೀಕ್ಷಿಸಲು ಅಮೆರಿಕದ ಮಾನಕ ಸಂಸ್ಥೆ ರೂಪಿಸಿದ ವಿಧಾನದಲ್ಲಿ ಇಬ್ಬರು ಪ್ರತ್ಯೇಕವಾಗಿ ಇನ್ನೂರಿನ್ನೂರು ಕಣ ಎಣಿಸಬೇಕು. ನಾನೂರಾದಾಗಲೂ ಶೇಕಡಾ 10 ಎಂಬುದು 7ರಿಂದ 13ರ ನಡುವೆ ಓಲಾಡುತ್ತದೆ.

ಇಲ್ಲಿ ಡಚ್ಚರದೇ ಇನ್ನೊಂದು ಕಥೆ. 1928ರಲ್ಲಿ ಕಾರೆಲ್ ಪೆಲ್ಗರ್ ಎಂಬ ವೈದ್ಯರು ಕ್ಷಯ ರೋಗಿಗಳಲ್ಲಿ ಬರೀ ಎರಡು ಹಾಲೆಯ, ಕನ್ನಡಕದಂಥ ಕೋಶಕೇಂದ್ರದ ನ್ಯೂಟ್ರೋಫಿಲ್‌ಗಳನ್ನು ಕಂಡು, ಇದು ರೋಗ ಕೈಮೀರಿದ ಲಕ್ಷಣ ಎಂದರು. ಕೆಲವೇ ವರ್ಷಗಳಲ್ಲಿ ಹ್ಯೂಯೆಟ್ ಎಂಬ ಮಕ್ಕಳ ವೈದ್ಯರು ಅದೇ ಕಣಗಳನ್ನು ಒಬ್ಬ ರೋಗಿಯಲ್ಲಿ ಕಂಡು, ಮನೆಯವರ ರಕ್ತವನ್ನೂ ನೋಡಿದರು. ಗಟ್ಟಿಮುಟ್ಟಾಗಿದ್ದ ನೆಂಟರಲ್ಲೂ ಅವೇ ಕಣಗಳು! ಅದು ಮನೆತನದಲ್ಲಿ ಹರಿದು ಬರುವ ಒಂದು ನಿರುಪದ್ರವಿ ಲಕ್ಷಣ. ಇಂಥವರ ರಕ್ತವನ್ನು ಇವತ್ತಿಗೂ ಬ್ಯಾಂಡ್ 60 ಎಂದು ಬರೆದು, ಇಲ್ಲದ ಸೋಂಕು ಹುಡುಕಿಸುವುದುಂಟು.

ಕೊನೆಗೆ 2015ರಲ್ಲಿ ಐಸಿಎಸ್‌ಎಚ್ ಒಂದು ದಿಟ್ಟ ಶಿಫಾರಸು ಮಾಡಿತು: ಬ್ಯಾಂಡ್‌ಗಳನ್ನು ಪ್ರತ್ಯೇಕವಾಗಿ ಎಣಿಸಬೇಡಿ, ಸೆಗ್ಮೆಂಟೆಡ್ ಜೊತೆಗೇ ನ್ಯೂಟ್ರೋಫಿಲ್ ಖಾನೆಗೆ ಹಾಕಿ, ಬ್ಯಾಂಡ್ ಹೆಚ್ಚಿದೆ ಎಂದು ಅನ್ನಿಸಿದರೆ ಕೆಳಗೆ ಮಾತಿನಲ್ಲಿ ಬರೆಯಿರಿ. ನೂರು ವರ್ಷದ ಖಾನೆಯೊಂದನ್ನು ಹೀಗೆ ಮುಚ್ಚುವುದಕ್ಕೆ ಧೈರ್ಯ ಬೇಕು. ಹಲವರು ಮೂಗು ಮುರಿದರು, ಅದರಲ್ಲೂ ನವಜಾತ ಶಿಶುಗಳ ವೈದ್ಯರು. ಅವರಿಗೆ ಎಣಿಸಿ ಕೊಡಲೇಬೇಕಾಗಿ ಬಂದರೆ ಯಾವ ನಿಯಮದಿಂದ ಎಣಿಸಿದ್ದೇವೆ ಎಂದು ರಿಪೋರ್ಟಿನಲ್ಲೇ ಅಚ್ಚು ಹಾಕಬೇಕು ಎಂಬುದು ನನ್ನ ನಿಲುವು. ಉಳಿದವರಿಗೆ ಮಂಡಳಿ ಹೇಳಿದ್ದೇ ಸರಿ.

ಹೆಸರಿನ ಸುಧಾರಣೆ ಎಂದರೆ ಹೊಸ ಹೆಸರು ಎಂದು ನಂಬಿದವರ ಗತಿಯನ್ನೂ ಎರಡು ಮಾತಿನಲ್ಲಿ ಹೇಳಬೇಕು. 1948ರಲ್ಲಿ ಅಮೆರಿಕದ ಕ್ಲಿನಿಕಲ್ ಪೆಥಾಲಜಿಸ್ಟರ ಸಂಘ ಮತ್ತು ವೈದ್ಯಕೀಯ ಸಂಘ ಸೇರಿ ಒಂದು ಸಮಿತಿ ಮಾಡಿದವು. ಅದು ಎಲ್ಲ ಕಣಗಳಿಗೂ ಒಂದೇ ವ್ಯಾಕರಣದ ಹೆಸರುಗಳನ್ನು ಹೊಸೆಯಿತು. ಬಲಿಯುತ್ತಿರುವ ಕೆಂಪು ಕಣಗಳು ನಾರ್ಮೋಬ್ಲಾಸ್ಟ್ ಹೋಗಿ ರುಬ್ರಿಬ್ಲಾಸ್ಟ್, ಪ್ರೋರುಬ್ರಿಸೈಟ್, ರುಬ್ರಿಸೈಟ್, ಮೆಟಾರುಬ್ರಿಸೈಟ್ ಆಗಬೇಕಿತ್ತು. ಅಚ್ಚುಕಟ್ಟಾದ ಸಾಲು, ಆದರೆ ಮನುಷ್ಯರ ವೈದ್ಯರಲ್ಲಿ ಹೆಚ್ಚಿನವರು ಅದಕ್ಕೆ ಸೊಪ್ಪು ಹಾಕಲಿಲ್ಲ. ತಮಾಷೆ ಎಂದರೆ ಪಶುವೈದ್ಯರು ಅದನ್ನು ಒಪ್ಪಿ ಇಂದಿಗೂ ಬಳಸುತ್ತಿದ್ದಾರೆ. ನಾಯಿಯ ರಕ್ತದಲ್ಲಿ ಮೆಟಾರುಬ್ರಿಸೈಟ್, ನಾಯಿ ಸಾಕಿದವರ ರಕ್ತದಲ್ಲಿ ನಾರ್ಮೋಬ್ಲಾಸ್ಟ್! ಕೆಂಪು ಕಣಗಳ ಆಕಾರಕ್ಕೆ 1970ರ ದಶಕದಲ್ಲಿ ಫ್ರಾನ್ಸಿನ ಮಾರ್ಸೆಲ್ ಬೆಸ್ಸಿಸ್ ಕೊಟ್ಟ ಗ್ರೀಕ್ ಹೆಸರುಗಳು ಸ್ವಲ್ಪ ಹೆಚ್ಚು ಅದೃಷ್ಟ ಪಡೆದವು. ಎಕಿನೋಸೈಟ್, ಸ್ಟೊಮ್ಯಾಟೋಸೈಟ್ ಉಳಿದವು. ಟಾರ್ಗೆಟ್ ಸೆಲ್‌ಗೆ ಕೋಡೋಸೈಟ್ ಎಂದು ಪರೀಕ್ಷೆಯಲ್ಲಿ ಬರೆದವರನ್ನು ಕಂಡಿದ್ದೇನೆ, ವಾರ್ಡಿನಲ್ಲಿ ಅಂದವರನ್ನು ಕಾಣೆ.

ಬಿಳಿ ಕಣಗಳಲ್ಲಿ ಒಂದು ಹೆಸರು ಮಾತ್ರ ನಿಜವಾಗಿಯೂ ಹಾನಿ ಮಾಡುತ್ತಿತ್ತು, ಅದು ಎಟಿಪಿಕಲ್ ಲಿಂಫೋಸೈಟ್. ವೈರಸ್ ಸೋಂಕಿನಲ್ಲಿ ಲಿಂಫೋಸೈಟ್ ಮೈದುಂಬಿ, ನೀಲಿ ಅಂಚು ಹಚ್ಚಿಕೊಂಡು, ಪಕ್ಕದ ಕೆಂಪು ಕಣವನ್ನು ತಬ್ಬಿದಂತೆ ಅದರ ಸುತ್ತ ಬಾಗುತ್ತದೆ. 1923ರಲ್ಲಿ ಡೌನಿ ಮತ್ತು ಮೆಕಿನ್ಲೆ ಇದರಲ್ಲಿ ಮೂರು ಬಗೆ ಮಾಡಿದ್ದರು. ನಮ್ಮೂರಿನ ಡೆಂಗಿ ಕಾಲದಲ್ಲಿ ಇಂಥ ಕಣಗಳಿಗೆ ಬರವಿಲ್ಲ. ಆದರೆ ಲಿಂಫೋಮಾದ ಕ್ಯಾನ್ಸರ್ ಕಣ ರಕ್ತಕ್ಕೆ ಬಂದಾಗಲೂ ಇದೇ ಎಟಿಪಿಕಲ್ ಎಂಬ ಮಾತು ಬೀಳುತ್ತಿತ್ತು. ಜ್ವರ ಬಿಟ್ಟ ಮಗುವಿನ ತಾಯಿ ಆ ಮಾತನ್ನು ಫೋನಿನಲ್ಲಿ ಹುಡುಕಿ ರಾತ್ರಿಯೆಲ್ಲ ಅಳುತ್ತ ಕೂತದ್ದಿದೆ. ಅದೇ ಮಾತನ್ನು ವೈರಲ್ ಇರಬೇಕು ಬಿಡಿ ಎಂದು ತಳ್ಳಿಹಾಕಿ ಕ್ಯಾನ್ಸರ್ ಬಿಟ್ಟದ್ದೂ ಇದೆ. ಸೋಂಕಿನಿಂದ ಆದದ್ದಕ್ಕೆ ರಿಯಾಕ್ಟಿವ್ ಎನ್ನಿ, ಕ್ಯಾನ್ಸರ್ ಶಂಕೆ ಇದ್ದರೆ ಅಬ್ನಾರ್ಮಲ್ ಎಂದು ಬರೆದು ಜೊತೆಗೆ ಕಣದ ವರ್ಣನೆ ಕೊಡಿ ಎಂದು ಅದೇ 2015ರ ಶಿಫಾರಸು ಹೇಳಿತು. ಯಾವುದೆಂದು ತಿಳಿಯದಾಗ ಅಡಗಿಕೊಳ್ಳಲು ಇದ್ದ ಒಂದು ಮರೆಯನ್ನು ಅದು ಕಿತ್ತುಹಾಕಿತು. ನಮಗೆ ಕಷ್ಟವಾಯಿತು, ರೋಗಿಗೆ ಒಳ್ಳೆಯದಾಯಿತು.

ಬಿಗಿಗೊಳಿಸಬೇಕಾದ ಭೇದಗಳು ಎಂದೆನಲ್ಲ, ಅವುಗಳಲ್ಲಿ ಎರಡನ್ನು ನೋಡೋಣ.

ಮೊದಲನೆಯದು ಸ್ಕಿಸ್ಟೋಸೈಟ್, ಹರಿದ ಕೆಂಪು ಕಣ. ಟಿಟಿಪಿ ಎಂಬ ರೋಗದಲ್ಲಿ ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಳು ಕಟ್ಟುತ್ತವೆ. ಅವುಗಳ ನಡುವೆ ನುಸುಳುವ ಕೆಂಪು ಕಣಗಳು ಸೀಳಿಹೋಗಿ ತ್ರಿಕೋನ, ಹೆಲ್ಮೆಟ್, ಕೊಂಬಿನ ಆಕಾರ ತಾಳುತ್ತವೆ. 1924ರಲ್ಲಿ ಎಲಿ ಮೊಷ್ಕೋವಿಟ್ಜ್ ಮೊದಲು ವಿವರಿಸಿದ ರೋಗಿ ಒಬ್ಬ ಹದಿಹರೆಯದ ಹುಡುಗಿ, ಉಳಿಯಲಿಲ್ಲ. ಚಿಕಿತ್ಸೆ ಸಿಗದಿದ್ದರೆ ಹತ್ತರಲ್ಲಿ ಒಂಬತ್ತು ಮಂದಿ ಸಾಯುತ್ತಾರೆ; ಪ್ಲಾಸ್ಮಾ ಬದಲಾವಣೆ ಬೇಗ ಶುರುವಾದರೆ ಹೆಚ್ಚಿನವರು ಬದುಕುತ್ತಾರೆ. ಬೇಗ ಎಂದರೆ ಆ ದಿನವೇ. ಆ ದಿನ ಕೈಗೆ ಸಿಗುವುದು ಒಂದು ಸ್ಲೈಡ್. ಅದರಲ್ಲಿ ಒಬ್ಬರು ಹರಿದ ಕಣ ಅಲ್ಲಲ್ಲಿ ಎಂದೂ ಇನ್ನೊಬ್ಬರು ಆಕಾರಭೇದ ಇದೆ ಎಂದೂ ಬರೆದು ಕೈತೊಳೆದುಕೊಂಡರೆ? 2012ರಲ್ಲಿ ಐಸಿಎಸ್‌ಎಚ್‌ನ ಒಂದು ತಂಡ ಯಾವ ಆಕಾರಗಳನ್ನು ಮಾತ್ರ ಸ್ಕಿಸ್ಟೋಸೈಟ್ ಎನ್ನಬೇಕು ಎಂದು ಪಟ್ಟಿ ಕಟ್ಟಿತು. ಸಾವಿರ ಕೆಂಪು ಕಣಗಳಾದರೂ ಎಣಿಸಬೇಕು. ಶೇಕಡಾ 1 ದಾಟಿದರೆ ವಯಸ್ಕರಲ್ಲಿ ಇಂಥ ರೋಗದ ಬಲವಾದ ಸೂಚನೆ ಎಂದು ತಿಳಿಯಬೇಕು. ಸಾವಿರದಲ್ಲಿ ಹತ್ತು ಕಣ! ಉಳಿದ ಹಲವು ಆಕಾರಗಳಿಗೆ ಶೇಕಡಾ 5 ಆಗುವವರೆಗೆ ಬಾಯಿ ಬಿಡಬೇಡಿ, ಅಲ್ಪ ಎಂಬುದಕ್ಕೆ ಹಾಕುವ ಒಂದು ಪ್ಲಸ್ ಎಂಬ ದರ್ಜೆಯೇ ಬೇಡ ಎಂದ ಮಂಡಳಿ, ಸ್ಕಿಸ್ಟೋಸೈಟ್‌ಗೆ ಮಾತ್ರ ಆ ಒಂದು ಪ್ಲಸ್ ಉಳಿಸಿಕೊಂಡಿತು. ಕೈಬಿಡುವುದಕ್ಕೂ ಬಿಗಿಹಿಡಿಯುವುದಕ್ಕೂ ವ್ಯತ್ಯಾಸ ತಿಳಿದವರ ಕೆಲಸ ಇದು.

ಎರಡನೆಯದು ಪ್ರೋಮಯಲೋಸೈಟ್, ಮಜ್ಜೆಯಲ್ಲಿ ಇರಬೇಕಾದ ಎಳೆಯ ಕಣ. ಇದರ ಹಿಂದೆ ಆವರ್ ಕಡ್ಡಿಗಳ ಒಂದು ಹಳೆಯ ಕಥೆಯಿದೆ. ಜಾನ್ ಆವರ್ ತೀವ್ರ ಲ್ಯುಕೇಮಿಯಾ ರೋಗಿಯ ಕಣಗಳೊಳಗೆ ಕೆನ್ನೇರಳೆ ಕಡ್ಡಿಗಳನ್ನು ಕಂಡು 1906ರಲ್ಲಿ ಪ್ರಕಟಿಸಿದರು. ಆ ಕಣಗಳನ್ನು ಅವರು ಕರೆದದ್ದು ದೊಡ್ಡ ಲಿಂಫೋಸೈಟ್ ಎಂದು. ಇವತ್ತು ಆವರ್ ಕಡ್ಡಿ ಕಂಡರೆ ಅದು ಲಿಂಫೋಸೈಟ್ ವಂಶದ್ದಲ್ಲ, ಮಯಲಾಯ್ಡ್ ವಂಶದ್ದು ಎಂಬುದಕ್ಕೆ ಅದೇ ಸಾಕ್ಷಿ. ಕಂಡದ್ದು ಸರಿ, ಕರೆದದ್ದು ತಪ್ಪು. ತಪ್ಪು ಆವರ್‌ರದಲ್ಲ, ಮಯಲಾಯ್ಡ್ ವಂಶದ ಎಳೆಯ ಕಣಕ್ಕೆ ಮಯಲೋಬ್ಲಾಸ್ಟ್ ಎಂಬ ಹೆಸರನ್ನು ನೇಗೆಲಿ ಎಂಬವರು ಮುಂದಿಟ್ಟು ಆಗಿನ್ನೂ ಕೆಲವೇ ವರ್ಷಗಳಾಗಿದ್ದವು, ಎಲ್ಲ ಕಣಕ್ಕೂ ಒಂದೇ ತಾಯಿ ಎನ್ನುವವರೂ ಎರಡು ಎನ್ನುವವರೂ ಎತ್ತು ಏರಿಗೆ ಕೋಣ ನೀರಿಗೆ ಎಳೆಯುತ್ತಿದ್ದ ಕಾಲ ಅದು. ಕಡ್ಡಿಗಳು ಕಟ್ಟಿಗೆ ಹೊರೆಯಂತೆ ಒಂದೇ ಕಣದೊಳಗೆ ರಾಶಿಬಿದ್ದಿದ್ದರೆ ಅದು ಪ್ರೋಮಯಲೋಸೈಟಿಕ್ ಲ್ಯುಕೇಮಿಯಾ. 1957ರಲ್ಲಿ ನಾರ್ವೆಯ ಹಿಲ್ಲೆಸ್ಟಾಡ್ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿದರು. 1976ರಲ್ಲಿ ಫ್ರೆಂಚ್, ಅಮೆರಿಕನ್, ಬ್ರಿಟಿಷ್ ತಜ್ಞರು ಕೂಡಿ ಮಾಡಿದ ವರ್ಗೀಕರಣದಲ್ಲಿ ಅದಕ್ಕೆ ಎಂ3 ಎಂಬ ಗುರುತು ಸಿಕ್ಕಿತು. ರೋಗಿ ಮೆದುಳಿನಲ್ಲಿ ರಕ್ತಸ್ರಾವವಾಗಿ ಎರಡು ದಿನಗಳಲ್ಲಿ ಹೋಗಬಹುದು. 1980ರ ದಶಕದಲ್ಲಿ ಶಾಂಘೈನ ವೈದ್ಯರು ಎ ವಿಟಮಿನ್ ಸಂಬಂಧಿಯಾದ ಒಂದು ಔಷಧ ಕೊಟ್ಟು ಇದನ್ನು ಹತೋಟಿಗೆ ತಂದರು. ಇಂದು ಜೀನ್ ಪರೀಕ್ಷೆಯ ಉತ್ತರ ಬರುವವರೆಗೂ ಕಾಯದೆ, ಸ್ಲೈಡ್ ನೋಡಿ ಅನುಮಾನ ಬಂದ ಕೂಡಲೇ ಆ ಗುಳಿಗೆ ಶುರುಮಾಡುವುದು ನಿಯಮ. ಎಷ್ಟೇ ಜೀನ್ ಯಂತ್ರ ಬಂದರೂ ಆ ರಾತ್ರಿಯ ತೀರ್ಮಾನ ಕಣ್ಣಿನದು. ಅದರಲ್ಲೂ ಮೋಸಗಾರ ಬಗೆಯೊಂದಿದೆ, ಹರಳುಗಳು ತೀರ ಸಣ್ಣದಾಗಿ ಕಾಣದೇ ಹೋಗಿ ಕೋಶಕೇಂದ್ರ ಮಾತ್ರ ಎರಡು ಹೋಳಾಗಿ ನಿಂತಿರುವುದು. ಮಾನೋಸೈಟ್ ಎಂದು ಬರೆದು ಮನೆಗೆ ಹೋಗುವುದು ಬಹಳ ಸುಲಭ.

ಹಾಗಾದರೆ ನಮ್ಮ ಲ್ಯಾಬುಗಳಲ್ಲಿ ಎಷ್ಟರ ಮಟ್ಟಿಗೆ ಒಮ್ಮತವಿದೆ? ದೆಹಲಿಯ ಏಮ್ಸ್‌ನಲ್ಲಿ ಭಾರತೀಯ ರಕ್ತಶಾಸ್ತ್ರ ಸಂಘದ ಜೊತೆ ನಡೆಯುವ ಬಾಹ್ಯ ಗುಣಮಟ್ಟ ಪರೀಕ್ಷೆಯಿದೆ. ಒಂದೇ ರಕ್ತದಿಂದ ಮಾಡಿದ ಸ್ಲೈಡ್‌ಗಳು ದೇಶದುದ್ದಕ್ಕೂ ಲ್ಯಾಬುಗಳಿಗೆ ಅಂಚೆಯಲ್ಲಿ ಬರುತ್ತವೆ. ನಾವು ಕಂಡದ್ದನ್ನು ಬರೆದು ಕಳಿಸಬೇಕು. ಕೆಲವೆಡೆ ಆ ಸ್ಲೈಡ್ ಬಂದ ದಿನ ಹಿರಿಯ ಡಾಕ್ಟರೇ ಕೂತು ಎಣಿಸುತ್ತಾರೆ. ಪ್ರತಿದಿನ ರೋಗಿಯ ಸ್ಲೈಡ್ ನೋಡುವ ಟೆಕ್ನಿಷಿಯನ್‌ಗೆ ಅದನ್ನು ಕೊಡುವುದಿಲ್ಲ. ಅಂಕ ಚೆನ್ನಾಗಿ ಬರುತ್ತದೆ. ಅಳೆದದ್ದು ಯಾರನ್ನು ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ.

ಈಗ ಸ್ಲೈಡಿನ ಚಿತ್ರ ತೆಗೆದು ಕಣಗಳನ್ನು ತಾವೇ ವಿಂಗಡಿಸಿ ಪರದೆಯ ಮೇಲೆ ಸಾಲಾಗಿ ಇಡುವ ಯಂತ್ರಗಳು ಬಂದಿವೆ. ಮನುಷ್ಯರ ಜಗಳ ಮುಗಿಯಿತು ಎಂದು ಮಾರಲು ಬಂದವರು ಹೇಳುತ್ತಾರೆ. ಆ ಯಂತ್ರಕ್ಕೆ ಹೆಸರು ಕಲಿಸಿದವರು ಯಾರು? 2019ರಲ್ಲಿ ಮ್ಯೂನಿಕ್‌ನ ಸಂಶೋಧಕರು 18,365 ಒಂಟಿ ಕಣಗಳ ಚಿತ್ರಗಳಿಗೆ ತಜ್ಞರಿಂದ ಹೆಸರು ಬರೆಸಿ, 15 ಗುಂಪು ಮಾಡಿ, ಒಂದು ಕೃತಕ ನರಜಾಲಕ್ಕೆ ಪಾಠ ಹೇಳಿದರು. ಕೆಲವು ಚಿತ್ರಗಳನ್ನು ಎರಡನೇ ತಜ್ಞರಿಗೂ ತೋರಿಸಿ ಇಬ್ಬರ ನಡುವೆ ಎಷ್ಟು ಭೇದ ಎಂದು ನೋಡಿದ್ದು ಆ ಕೆಲಸದ ಪ್ರಾಮಾಣಿಕತೆ. ಬ್ಲಾಸ್ಟ್ ಎಂಬ ತೀರ ಎಳೆಯ ಕಣಗಳನ್ನು ಗುರುತಿಸುವುದರಲ್ಲಿ ಜಾಲ ತಜ್ಞರಿಗೆ ಸರಿಸಮ ನಿಂತಿತು. ಆ ಸಂಗ್ರಹದಲ್ಲಿ ಸೆಗ್ಮೆಂಟೆಡ್ ನ್ಯೂಟ್ರೋಫಿಲ್ ಸಾವಿರಾರು, ಪ್ರತ್ಯೇಕ ಖಾನೆಯಲ್ಲಿಟ್ಟ ಬ್ಯಾಂಡ್ ನೂರರ ಆಸುಪಾಸು. ಬ್ಯಾಂಡ್ ಗುರುತಿಸುವಲ್ಲಿ ಜಾಲ ಎಡವಿತು. ಕಲಿಸಿದವರ ಕಣ್ಣಿಗೇ ಗೆರೆ ಕಾಣದ ಜಾಗದಲ್ಲಿ ಶಿಷ್ಯನಿಗೆ ಎಲ್ಲಿಂದ ಕಾಣಬೇಕು? ಇಬ್ಬರು ತಜ್ಞರ ಜಗಳ ಇಬ್ಬರ ನಡುವೆಯೇ ಉಳಿಯುತ್ತಿತ್ತು. ಯಂತ್ರ ಒಂದು ಪಕ್ಷ ಹಿಡಿದರೆ ಅದು ಕೊಂಡ ಎಲ್ಲ ಲ್ಯಾಬುಗಳಿಗೂ ಹರಡುತ್ತದೆ, ಅದೂ ದಶಮಾಂಶದ ಸಂಖ್ಯೆಯ ಠೀವಿಯಲ್ಲಿ.

ನಮ್ಮ ಜಿಲ್ಲಾ ಆಸ್ಪತ್ರೆಗಳಿಗೂ ಇಂಥ ಯಂತ್ರಗಳು ಇಂದಲ್ಲ ನಾಳೆ ಬರುತ್ತವೆ, ಬರಲಿ. ಪ್ರತಿ ತಾಲ್ಲೂಕಿಗೆ ಒಬ್ಬ ರಕ್ತಶಾಸ್ತ್ರಜ್ಞರನ್ನು ಕೊಡಲು ನಮ್ಮಿಂದ ಆಗುವುದಿಲ್ಲ. ಕೊಳ್ಳುವ ಸಮಿತಿಯಲ್ಲಿ ಕೂರುವವರು ಈ ಸಭೆಯಲ್ಲಿದ್ದರೆ ಅವರಲ್ಲಿ ಒಂದು ಕೋರಿಕೆ. ಗಂಟೆಗೆ ಎಷ್ಟು ಸ್ಲೈಡ್ ಎಂದು ಕೇಳುವ ಮುಂಚೆ ಅದರೊಳಗಿನ ಹೆಸರುಗಳ ಪಟ್ಟಿ ತರಿಸಿಕೊಂಡು ಓದಿ. ಬ್ಯಾಂಡ್‌ಗೆ ಖಾನೆ ಇದ್ದರೆ ಯಾವ ನಿಯಮದ್ದು ಎಂದು ಕೇಳಿ. ಎಟಿಪಿಕಲ್ ಎಂಬ ಖಾನೆ ಇದ್ದರೆ ತೆಗೆಸಿ. ಆ ಪಟ್ಟಿಯಲ್ಲಿ ಮಾಮೂಲಿ ಪ್ರೋಮಯಲೋಸೈಟ್ ಇದ್ದು, ಎರಡು ಹೋಳಿನ ಆ ಮೋಸಗಾರ ಪ್ರೋಮಯಲೋಸೈಟ್‌ಗೆ ಬೇರೆ ಜಾಗ ಇಲ್ಲದಿದ್ದರೆ, ಯಂತ್ರವನ್ನು ರಾತ್ರಿ ಪಾಳಿಗೆ ಒಂಟಿಯಾಗಿ ಬಿಡಬೇಡಿ.